ಕೆಳಗೆ ಹಾಸಿದ್ದು

ಹೋದ ಜುಲೈ ತಿಂಗಳ ಒಂದು ಭಾನುವಾರ. ಮಳೆ ಹಿಡಿದಿತ್ತು. ಮಗಳು ಊಟದ ಟೇಬಲ್ಲಿನ ತುಂಬ ಪುಸ್ತಕ ಹರಡಿಕೊಂಡು ಕೂತಿದ್ದಳು. ಅವಳದು ಇಂಟರ್ ಮೊದಲ ವರ್ಷ, ಬೈಪಿಸಿ. (ಹೈದರಾಬಾದಿಗೆ ಹೊಸದಾಗಿ ಬಂದವರಿಗಾಗಿ ಹೇಳುತ್ತೇನೆ: ಇಲ್ಲಿ ಪಿಯುಸಿ ಅಂದರೆ ಯಾರಿಗೂ ತಿಳಿಯುವುದಿಲ್ಲ. ಎಂಪಿಸಿ ಅಂದರೆ ಇಂಜಿನಿಯರಿಂಗ್, ಬೈಪಿಸಿ ಅಂದರೆ ನೀಟ್. ನಡುವೆ ಇನ್ನೊಂದು ದಾರಿ ಇದೆ ಎಂದು ಈ ಊರಿನ ಅಪ್ಪ ಅಮ್ಮಂದಿರು ಒಪ್ಪುವುದು ಕಷ್ಟ.)

“ಅಪ್ಪಾ, ಸಬ್‌ಸ್ಟ್ರೇಟ್ ಅಂದ್ರೆ ಏನು?”

ಎಷ್ಟೋ ದಿನದ ಮೇಲೆ ನನಗೆ ಉತ್ತರ ಗೊತ್ತಿರುವ ಪ್ರಶ್ನೆ ಬಂದಿತ್ತು. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಹನ್ನೆರಡು ವರ್ಷ ಕಳೆದವನಿಗೆ ಯಾವ ಕೆಲಸ ಯಾವ ತಾರೀಕಿಗೆ ಮುಗಿಯುವುದಿಲ್ಲ ಎನ್ನುವುದು ಬಿಟ್ಟರೆ ಬೇರೆ ವಿದ್ಯೆ ಉಳಿದಿರುವುದಿಲ್ಲ. ಉತ್ಸಾಹದಿಂದ ಹೇಳಿದೆ: “ಕೆಳಗಿರೋದು. ಅದರ ಮೇಲೆ ನಾವು ಬೇರೆ ಏನನ್ನೋ ಕೂರಿಸ್ತೀವಿ. ಅದು ಸುಮ್ನೆ ಇರುತ್ತೆ, ಮೇಲಿರೋದನ್ನ ಹೊತ್ಕೊಂಡಿರುತ್ತೆ.”

ಅವಳು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು. “ಇಲ್ಲಪ್ಪ. ಇಲ್ಲಿ ಅದು ಸುಮ್ನೆ ಇರಲ್ಲ. ಎಂಜೈಮ್ ಅದನ್ನ ಹಿಡ್ಕೊಂಡು ಬೇರೆ ಏನೋ ಮಾಡ್ಬಿಡುತ್ತೆ. ಆಮೇಲೆ ಸಬ್‌ಸ್ಟ್ರೇಟ್ ಇರೋದೇ ಇಲ್ಲ.”

ಇಬ್ಬರ ಮಾತೂ ಸರಿಯಾಗಿತ್ತು. ತೊಂದರೆ ಅಲ್ಲಿಂದಲೇ ಶುರುವಾಯಿತು.

ನನ್ನ ಸಬ್‌ಸ್ಟ್ರೇಟಿನ ಕಥೆ ಮೊದಲು ಹೇಳಿಬಿಡುತ್ತೇನೆ. ಎಂ.ಟೆಕ್‌ನಲ್ಲಿ ನನ್ನ ಕೆಲಸ ತೆಳು ಪದರಗಳ ಮೇಲೆ. ಒಂದು ಗಾಜಿನ ತುಂಡು, ಅದರ ಮೇಲೆ ನಿರ್ವಾತದಲ್ಲಿ ಚಿನ್ನವನ್ನು ಆವಿ ಮಾಡಿ ಕೂರಿಸಬೇಕು. ಪದರದ ದಪ್ಪ ಕೂದಲೆಳೆಯ ನೂರನೇ ಒಂದು ಪಾಲೂ ಇರುವುದಿಲ್ಲ. ಕೆಳಗಿನ ಗಾಜೇ ಸಬ್‌ಸ್ಟ್ರೇಟ್. ಅದನ್ನು ಅಸಿಟೋನಿನಲ್ಲಿ ತೊಳೆ, ಆಮೇಲೆ ಆಲ್ಕೋಹಾಲಿನಲ್ಲಿ ತೊಳೆ, ಆಮೇಲೆ ಅಯಾನು ತೆಗೆದ ನೀರಿನಲ್ಲಿ ತೊಳೆ, ಒಣಗಿಸು. ದಿನದ ಮುಕ್ಕಾಲು ಪಾಲು ತೊಳೆಯುವುದರಲ್ಲೇ ಹೋಗುತ್ತಿತ್ತು. ‘ಇದೇನು, ಪಾತ್ರೆ ತೊಳೆಯೋಕೆ ಎಂ.ಟೆಕ್ ಸೇರಿದ್ನಾ’ ಅಂತ ಹಾಸ್ಟೆಲಿನಲ್ಲಿ ಗೊಣಗುತ್ತಿದ್ದೆ.

ಮೂರು ತಿಂಗಳ ಶ್ರಮದ ನಂತರ ಕನ್ನಡಿಯಂಥ ಚಿನ್ನದ ಪದರ ಬಂತು. ಅದು ಅಂಟಿದೆಯೋ ಇಲ್ಲವೋ ನೋಡುವ ಪರೀಕ್ಷೆ ಬಹಳ ಸಾದಾ: ಅಂಗಡಿಯಲ್ಲಿ ಸಿಗುವ ಅಂಟುಪಟ್ಟಿಯನ್ನು ಅದರ ಮೇಲೆ ಒತ್ತಿ, ಸರಕ್ಕನೆ ಕೀಳಬೇಕು. ಕಿತ್ತೆ. ಪಟ್ಟಿಯ ಜೊತೆ ಚಿನ್ನವೂ ಬಂತು, ಇಡೀ ಹಾಳೆಯಂತೆ. ಕೆಳಗೆ ಗಾಜು ಮೊದಲ ದಿನದಷ್ಟೇ ಸ್ವಚ್ಛವಾಗಿ, ಏನೂ ಆಗಿಲ್ಲವೆಂಬಂತೆ ಕೂತಿತ್ತು. ಚಿನ್ನಕ್ಕೂ ಗಾಜಿಗೂ ಆಗಿಬರುವುದಿಲ್ಲ. ಗಾಜಿನಲ್ಲಿರುವ ಆಮ್ಲಜನಕದ ಜೊತೆ ಬೆರೆಯುವ ಆಸೆ ಚಿನ್ನಕ್ಕಿಲ್ಲ. ನಡುವೆ ಕ್ರೋಮಿಯಮ್ಮಿನದೋ ಟೈಟಾನಿಯಮ್ಮಿನದೋ ಕೆಲವೇ ನ್ಯಾನೋಮೀಟರಿನ ಪದರ ಹಾಕಬೇಕು. ಅದು ಕೆಳಗೆ ಗಾಜನ್ನೂ ಮೇಲೆ ಚಿನ್ನವನ್ನೂ ಹಿಡಿದುಕೊಳ್ಳುತ್ತದೆ. ಪುಸ್ತಕದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಅಷ್ಟೇ.

ಹಾಗಾಗಿ ನನ್ನ ತಲೆಯಲ್ಲಿ ಸಬ್‌ಸ್ಟ್ರೇಟ್ ಎಂದರೆ ಗಾಜು. ಅಲುಗದ್ದು, ಬದಲಾಗದ್ದು. ಮೇಲಿನದು ಬಂದರೂ ಹೋದರೂ ತಾನು ಉಳಿಯುವಂಥದ್ದು. ಚಿಪ್ಪು ಮಾಡುವವರಿಗೆ ಅದು ಸಿಲಿಕಾನ್ ಬಿಲ್ಲೆ, ಮುದ್ರಣದವರಿಗೆ ಕಾಗದ ಅಥವಾ ಪ್ಲಾಸ್ಟಿಕ್, ಮೀನಿನ ತೊಟ್ಟಿ ಇಟ್ಟವರಿಗೆ ತಳದ ಮರಳು, ಅಣಬೆ ಬೆಳೆಯುವವರಿಗೆ ನೆನೆಸಿದ ಭತ್ತದ ಹುಲ್ಲು. (ಅಣಬೆ ಆ ಹುಲ್ಲನ್ನೇ ತಿನ್ನುತ್ತದೆ. ಅಲ್ಲಿಂದ ಸ್ವಲ್ಪ ಮಗಳ ಕಡೆಗೆ ವಾಲಿತು ನೋಡಿ.) ನಮ್ಮ ಆಫೀಸಿನಲ್ಲಿ ಈಗ ಎಐ ಹುಡುಗರಿಗೂ ಈ ಪದ ಸಿಕ್ಕಿದೆ. ಬುದ್ಧಿ ಎನ್ನುವುದು ಸಬ್‌ಸ್ಟ್ರೇಟಿನ ಮೇಲೆ ಅವಲಂಬಿಸಿಲ್ಲ, ಮಿದುಳಿನ ಮಾಂಸದ ಮೇಲೆ ನಡೆಯುವುದು ಸಿಲಿಕಾನಿನ ಮೇಲೂ ನಡೆಯುತ್ತದೆ ಎಂದು ಚಹಾ ಕುಡಿಯುತ್ತ ವಾದ ಮಾಡುತ್ತಾರೆ. ಇರಬಹುದು. ಅವರು ಯಾವತ್ತೂ ಗಾಜು ತೊಳೆದವರಲ್ಲ.

ನಮ್ಮಿಬ್ಬರ ವಾದ ಕೇಳಿ ಅಪ್ಪ ಒಳಗಿನ ಕೋಣೆಯಿಂದ ಎದ್ದು ಬಂದ. ಅದೇ ಒಂದು ವಿಶೇಷ. ಡಿಸೆಂಬರಿನಲ್ಲಿ ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಮಸ್ಕಿಯಿಂದ ಇಲ್ಲಿಗೆ ಕರೆದುಕೊಂಡು ಬಂದಿದ್ದೆವು. ಬಂದಾಗಿನಿಂದ ಆತ ಕರೆಯದೆ ಹೊರಗೆ ಬಂದು ಕೂತದ್ದು ಕಡಿಮೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಹೇಳಿದ ಮನುಷ್ಯ, ಎಂಟನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಪಕ್ಕದ ನಿವೇಶನದಲ್ಲಿ ಬಂಡೆ ಒಡೆಯುವುದನ್ನು ನೋಡುತ್ತ ದಿನ ಕಳೆಯುತ್ತಿದ್ದ. ತಿಂಗಳಿಗೊಮ್ಮೆ “ನಾ ಊರಿಗೆ ಹೊಕ್ಕೀನಿ” ಅನ್ನುತ್ತಿದ್ದ. ನಾವು ಮಾತು ಮರೆಸುತ್ತಿದ್ದೆವು.

ಆತ ಅಡುಗೆಮನೆಗೆ ಹೋಗಿ ಒಂದು ತುಂಡು ಜೋಳದ ರೊಟ್ಟಿ ತಂದು ಮೊಮ್ಮಗಳ ಕೈಗೆ ಕೊಟ್ಟ.

“ಬಾಯಾಗ ಹಾಕ್ಕೊ. ನುಂಗಬ್ಯಾಡ. ನಾ ಹೇಳೂತನಕ ಬರೇ ಅಗಿ.”

ಅವಳು ಅಗಿದಳು. ಒಂದು ನಿಮಿಷ, ಎರಡು ನಿಮಿಷ. ನಗು ಬಂದು ಬಾಯಿ ಮುಚ್ಚಿಕೊಂಡಳು.

“ಈಗ ಹೆಂಗೈತಿ?”

“ಸ್ವೀಟ್ ಆಯ್ತು ತಾತಾ!”

“ಜೊಲ್ಲಿನಾಗ ಅಮೈಲೇಸ್ ಐತಿ. ಅದು ಕಿಣ್ವ. ರೊಟ್ಟ್ಯಾಗಿನ ಪಿಷ್ಟ ಹೋತು, ಸಕ್ರಿ ಬಂತು. ಹೋತಲ್ಲ, ಅದ ನಿನ್ನ ಸಬ್‌ಸ್ಟ್ರೇಟು. ಕಿಣ್ವ ಹಂಗ ಉಳೀತು. ಅದಕ್ಕ ಮುಂದಿನ ತುತ್ತು ಬೇಕು.”

ನಾನು ಎಂ.ಟೆಕ್ ಮಾಡಿ ಹೇಳಲಾಗದ್ದನ್ನು ಆತ ಒಂದು ರೊಟ್ಟಿ ಚೂರಿನಲ್ಲಿ ಹೇಳಿದ್ದ. “ನೀ ಕ್ಲಾಸಿನಾಗ ಇದಕ್ಕ ಕನ್ನಡದಾಗ ಏನಂತಿದ್ದಿ ಅಪ್ಪಾ?” ಅಂತ ಕೇಳಿದೆ.

ಆತ ಸ್ವಲ್ಪ ಹೊತ್ತು ಯೋಚಿಸಿದ. “ಕಿಣ್ವದ ಕೈಗೆ ಸಿಕ್ಕ ವಸ್ತು ಅಂತಿದ್ದೆ. ಅದಕ್ಕೊಂದು ಹೆಸರ ಕೊಡಲಿಲ್ಲಪ. ಪರೀಕ್ಷಾದಾಗ ಬರ್ತಿರಲಿಲ್ಲ, ಬಿಟ್ಟೆ.” ಆಮೇಲೆ, ಏನೋ ತಪ್ಪು ಮಾಡಿದವನಂತೆ, “ಕೊಡಬೇಕಿತ್ತು” ಅಂದ.

ಅವತ್ತಿನಿಂದ ಆ ಹೆಸರು ಹುಡುಕುವುದು ಮನೆಯ ಕೆಲಸವಾಯಿತು. ನಿಘಂಟಿನ ಭಾಷೆಯಲ್ಲಿ ‘ಅಧಃಸ್ತರ’ ಅನ್ನಬಹುದು. ಹೆಂಡತಿ ಓದಿ, “ಕಾಯಿಲೆ ಹೆಸರಿದ್ದ ಹಾಗಿದೆ” ಅಂದಳು. (ಅವಳು ತುಮಕೂರಿನ ಕಡೆಯವಳು. ನಮ್ಮ ಮನೆಯಲ್ಲಿ ಎರಡು ಕನ್ನಡ ಇದೆ. ಮಗಳ ಕನ್ನಡ ಮೂರನೆಯದು.) ‘ತಳಪದರ’ ನನಗೆ ಇಷ್ಟವಾಯಿತು, ಆದರೆ ಜೊಲ್ಲಿನಲ್ಲಿ ಕರಗುವ ಪಿಷ್ಟಕ್ಕೆ ಯಾವ ತಳ, ಯಾವ ಪದರ? ‘ಅಡಿಪಾಯ’ ಎಂದರೆ ಕಟ್ಟಡ ಕಣ್ಣಮುಂದೆ ಬರುತ್ತದೆ. ಆ ಪದವೇ ಒಂದು ಸೋಜಿಗ. ಅಡಿ ನಮ್ಮದು, ಕಾಲು ಅಂತ ಅರ್ಥ. ಪಾಯ ಪಾರ್ಸಿಯಿಂದ ಬಂದದ್ದು, ಅದಕ್ಕೂ ಕಾಲು ಅಂತಲೇ ಅರ್ಥ. ಎರಡು ಭಾಷೆಯ ಕಾಲು ಜೋಡಿಸಿ ನಿಲ್ಲಿಸಿದ ಪದ. ಬುನಾದಿಯೂ ಪಾರ್ಸಿಯದು, ಜಮೀನೂ ಪಾರ್ಸಿಯದು. ಮನೆಯ ಕೆಳಗಿರುವುದಕ್ಕೆ ಹೆಸರಿಡುವಾಗ ನಮ್ಮವರು ಮಡಿ ಮೈಲಿಗೆ ನೋಡಿದವರಲ್ಲ.

ಅಪ್ಪನಿಗೆ ಇದರಲ್ಲಿ ಆಶ್ಚರ್ಯವೇನಿರಲಿಲ್ಲ. ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಮ್ಮ ಮುತ್ಯಾ ಶಾಲೆಯಲ್ಲಿ ಕಲಿತದ್ದು ಉರ್ದು. ಕನ್ನಡದಲ್ಲಿ ಮಾತಾಡಿ, ಉರ್ದುವಿನಲ್ಲಿ ಲೆಕ್ಕ ಬರೆದು, ಮತ್ತೆ ಕನ್ನಡದಲ್ಲಿ ಬೈಯುತ್ತಿದ್ದನಂತೆ. ಅಪ್ಪನಿಗೆ ಗಣಿತ ಹೇಳಿದ ಮೇಷ್ಟ್ರು ಉಸ್ಮಾನಿಯಾದಲ್ಲಿ ಓದಿದವರು. ಅವರು ಮಾತಿನ ನಡುವೆ ರಸಾಯನಶಾಸ್ತ್ರಕ್ಕೆ ಕೀಮಿಯಾ, ಸಸ್ಯಶಾಸ್ತ್ರಕ್ಕೆ ನಬಾತಿಯಾತ್ ಅಂದುಬಿಟ್ಟು, ಹುಡುಗರು ಮಿಕಮಿಕ ನೋಡಿದರೆ ನಗುತ್ತಿದ್ದರಂತೆ.

ಈ ಊರಿನಲ್ಲಿ ಹದಿನೆಂಟು ವರ್ಷ ಇದ್ದೂ ಉಸ್ಮಾನಿಯಾದ ಆ ಕಥೆಯನ್ನು ನಾನು ಪೂರ್ತಿ ತಿಳಿದುಕೊಂಡಿರಲಿಲ್ಲ. ಆರ್ಟ್ಸ್ ಕಾಲೇಜಿನ ಆ ಕಲ್ಲಿನ ಕಟ್ಟಡದ ಮುಂದೆ ನಿಂತು ಎಲ್ಲರಂತೆ ಫೋಟೋ ತೆಗೆಸಿಕೊಂಡಿದ್ದೆ, ಅಷ್ಟೇ. 1918ರಲ್ಲಿ ವಿಶ್ವವಿದ್ಯಾಲಯ ಶುರುವಾದಾಗ ಇಂಗ್ಲಿಷಿನ ಬದಲು ಉರ್ದುವಿನಲ್ಲಿ ಎಲ್ಲವನ್ನೂ ಕಲಿಸುತ್ತೇವೆ ಅಂತ ಹೊರಟರು. ವೈದ್ಯಕೀಯ, ಇಂಜಿನಿಯರಿಂಗ್ ಕೂಡ. ಪುಸ್ತಕ ಎಲ್ಲಿ? ಅದಕ್ಕಾಗಿ ಒಂದು ವರ್ಷ ಮೊದಲೇ, 1917ರಲ್ಲಿ, ‘ದಾರುಲ್ ತರ್ಜುಮಾ’ ಎಂಬ ಅನುವಾದದ ಸಂಸ್ಥೆ ಕಟ್ಟಿದ್ದರು. ಮೌಲ್ವಿ ಅಬ್ದುಲ್ ಹಕ್ ಅದನ್ನು ನಡೆಸಿದವರು. ವಿಜ್ಞಾನ ಬಲ್ಲವರನ್ನೂ ಅರಬ್ಬಿ, ಪಾರ್ಸಿ ಬಲ್ಲವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಒಂದೊಂದೇ ಪದ ಹುಟ್ಟಿಸಿದರು. ಪದ ಹುಟ್ಟಿಸುವುದು ಹೇಗೆ ಎನ್ನುವುದರ ಬಗ್ಗೆಯೇ ವಹೀದುದ್ದೀನ್ ಸಲೀಮ್ ಎಂಬವರು ಒಂದು ಪುಸ್ತಕ ಬರೆದರು. ಅರಬ್ಬಿ ಬೇರಿನಿಂದ ಮಾಡಬೇಕೋ, ಜನ ಆಡುವ ಮಾತಿನಿಂದ ಮಾಡಬೇಕೋ ಎಂಬ ಜಗಳ ಅವರಲ್ಲೂ ಇತ್ತು. ನಮ್ಮ ಊಟದ ಟೇಬಲ್ಲಿನ ಅಧಃಸ್ತರದ ಜಗಳವೇ.

ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಹೈದರಾಬಾದಿನಲ್ಲಿ ನಿಜಾಮನ ಖಜಾನೆ, ಬೆಂಗಳೂರಿನಲ್ಲಿ ಇಬ್ಬರು ಮೇಷ್ಟ್ರುಗಳ ಹಟ. ಪತ್ರಿಕೆ ಎರಡು ವರ್ಷ ನಡೆದು ನಿಂತಿತು. ಉಸ್ಮಾನಿಯಾದ ಪ್ರಯೋಗ ಮೂವತ್ತು ವರ್ಷ ನಡೆಯಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಕಲಿಕೆ ಇಂಗ್ಲಿಷಿಗೆ ತಿರುಗಿತು. ಅಷ್ಟು ಜನ ಕೂತು ಹುಟ್ಟಿಸಿದ ಸಾವಿರಾರು ಪದಗಳು ತರಗತಿಯಿಂದ ಎದ್ದು ಗ್ರಂಥಾಲಯಕ್ಕೆ ಹೋದವು.

ನನಗೆ ಆ ಪದಗಳ ಬಗ್ಗೆ ಮರುಕವಿದೆ. ಆದರೆ ಪೂರ್ತಿ ಮರುಕ ಪಡಲೂ ಆಗುವುದಿಲ್ಲ. ಆ ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಇಂಗ್ಲಿಷಿನಿಂದ ಬಿಡುಗಡೆ ಅಂತ ಕೊಟ್ಟದ್ದು ನಮ್ಮ ಮುತ್ಯಾನಂಥವರಿಗೆ ಇನ್ನೊಂದು ಪರಭಾಷೆ. ಚಿನ್ನದ ಪದರ ಎಷ್ಟು ಚೆನ್ನಾಗಿದ್ದರೇನು, ಗಾಜಿನ ಮೇಲೆ ನೇರವಾಗಿ ಕೂರಿಸಿದರು.

ಭಾಷೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಭಾಷಾವಿಜ್ಞಾನದವರಿಗೂ ಈ ಪದ ಬೇಕು. ಅವರದು ಸಬ್‌ಸ್ಟ್ರೇಟಮ್. ಒಂದು ಸೀಮೆಯ ಜನ ತಮ್ಮ ಮಾತು ಬಿಟ್ಟು ಬೇರೆ ಮಾತಿಗೆ ಹೋದಾಗ ಹಳೆಯದು ಪೂರ್ತಿ ಹೋಗುವುದಿಲ್ಲ, ಹೊಸ ಮಾತಿನ ಕೆಳಗೆ ಕೂತು ಅದರ ವಾಕ್ಯವನ್ನು ತನಗೆ ಬೇಕಾದಂತೆ ಬಗ್ಗಿಸುತ್ತದೆ. ಇದನ್ನು ನೋಡಲು ಹೈದರಾಬಾದಿಗಿಂತ ಒಳ್ಳೆಯ ಜಾಗ ಬೇಡ. ನಮ್ಮ ಅಪಾರ್ಟ್‌ಮೆಂಟಿನ ಕಾವಲಿನವನು ದಖನಿ ಮಾತಾಡುತ್ತಾನೆ. “ಆತೌಂ ಬೋಲ್‌ಕೆ ಬೋಲ್ಯಾ” ಎನ್ನುತ್ತಾನೆ. ದಿಲ್ಲಿಯವನಿಗೆ ಈ ‘ಬೋಲ್‌ಕೆ’ ಯಾಕೆ ಬೇಕು ಅಂತಲೇ ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ: “ಬರ್ತೀನಿ ಅಂತ ಅಂದ.” ಆ ‘ಅಂತ’ವೇ ಬೋಲ್‌ಕೆ. ತೆಲುಗಿನ ‘ಅನಿ’ಯೂ ಅದೇ. “ಕಾಯ್‌ಕು ಬೋಲೆ ತೋ” ಎಂದರೆ “ಯಾಕಂದ್ರೆ”, ಎಲುಬು ಎಲುಬಿಗೆ ಸರಿಯಾಗಿ. ಪದಗಳು ಉತ್ತರದಿಂದ ಬಂದವು, ಬೆನ್ನುಮೂಳೆ ಇಲ್ಲಿಯದು. ಆತ “ಹೌ” ಅಂದಾಗಲಂತೂ ನನಗೆ ನಮ್ಮೂರ ‘ಹೌದು’ ಅರ್ಧಕ್ಕೆ ನಿಂತಂತೆ ಕೇಳಿಸುತ್ತದೆ. ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ನೂರಾರು ವರ್ಷ ಒಟ್ಟಿಗೆ ಬಾಳಿ ಮೂರರ ವಾಕ್ಯವೂ ಒಂದೇ ಅಚ್ಚಿಗೆ ಬಂದಿದ್ದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. ಭಾರತದ ಭಾಷೆಗಳೆಲ್ಲ ಹೀಗೆ ಒಂದರೊಳಗೊಂದು ಹೊಕ್ಕಿವೆ ಎಂದು ಎಮೆನೋ ಬರೆದ ಲೇಖನ ಬಂದದ್ದು 1956ರಲ್ಲಿ, ನಾವು ಭಾಷೆ ನೋಡಿ ರಾಜ್ಯಗಳನ್ನು ಬಿಡಿಸಿಕೊಂಡ ವರ್ಷವೇ.

ಇದನ್ನೆಲ್ಲ ಓದುತ್ತ ನನಗೆ ಖುಷಿಯೇ ಆಗುತ್ತಿತ್ತು, ಒಂದು ಸಂಜೆಯವರೆಗೆ. ಬಾಗಿಲ ಗಂಟೆ ಬಾರಿಸಿತು. ಮಗಳು ತೆಗೆದು ಕೂಗಿದಳು: “ಅಪ್ಪಾ, ಅಮ್ಮ ಬಂತು!”

ಅಪ್ಪ ಕೋಣೆಯಿಂದಲೇ, “ಬಂತಲ್ಲ ಯವ್ವಾ, ಬಂದ್ಳು” ಅಂದ. ದಿನಾ ಅನ್ನುತ್ತಿದ್ದ. ನಾನು ಕಿವಿಗೊಟ್ಟಿರಲಿಲ್ಲ, ಮಕ್ಕಳ ಮಾತು ಅಂದುಕೊಂಡಿದ್ದೆ. ಅವತ್ತು ಹೊಳೆಯಿತು. ಅದು ಮಕ್ಕಳ ಮಾತಲ್ಲ, ತೆಲುಗು. ತೆಲುಗಿನಲ್ಲಿ ಹೆಣ್ಣು ಬಂದರೂ ಬಸ್ಸು ಬಂದರೂ ಕ್ರಿಯಾಪದ ಒಂದೇ: ‘ವಚ್ಚಿಂದಿ’. ಗಂಡು ಬಂದರೆ ಮಾತ್ರ ಬೇರೆ. ಅದಕ್ಕೇ ಇವಳು ತಾತ ಬಂದರೆ ‘ಬಂದ್ರು’ ಅಂತ ಸರಿಯಾಗಿ ಹೇಳುತ್ತಾಳೆ, ಅಮ್ಮ ಬಂದರೆ ‘ಬಂತು’.

ಅಂದರೆ ಅವಳಲ್ಲಿ ಯಾವುದು ಕೆಳಗೆ, ಯಾವುದು ಮೇಲೆ? ನಾನು ಇಷ್ಟು ದಿನ ಅಂದುಕೊಂಡದ್ದು: ಕನ್ನಡ ತಳದ್ದು, ಅದರ ಮೇಲೆ ತೆಲುಗು, ಹಿಂದಿ, ಇಂಗ್ಲಿಷು ಕೂತಿವೆ. ಬೇರೆ ಊರಲ್ಲಿರುವ ನಾವೆಲ್ಲ ಅಂದುಕೊಳ್ಳುವುದು ಹಾಗೆಯೇ ತಾನೆ? ಗಾಜು ಅಲ್ಲೇ ಇರುತ್ತದೆ, ಏನು ಹೋದರೂ ಅದು ಹೋಗುವುದಿಲ್ಲ ಎಂಬ ಧೈರ್ಯ. ಆದರೆ ಅವಳ ಕನ್ನಡದ ವಾಕ್ಯವನ್ನು ಕೆಳಗಿನಿಂದ ಬಗ್ಗಿಸುತ್ತಿರುವುದು ತೆಲುಗು. 2018ರ ಕಾನೂನಿನಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ, ಅವಳಿಗೆ ಅದು ಕಡ್ಡಾಯವೆಂದೇ ಅನ್ನಿಸಲಿಲ್ಲ. ಅವಳ ಆಟ, ಜಗಳ, ಗುಟ್ಟು ಎಲ್ಲ ಅದರಲ್ಲೇ. ಕನ್ನಡವೇ ಮೇಲಿನ ತೆಳು ಪದರ. ಹೊಳೆಯುತ್ತದೆ, ಚೆನ್ನಾಗಿದೆ. ಯಾರಾದರೂ ಪಟ್ಟಿ ಅಂಟಿಸಿ ಕಿತ್ತರೆ? ಅಥವಾ ಅವಳ ಪುಸ್ತಕದ ಅರ್ಥವೇ ನಿಜವಿರಬಹುದು. ಕನ್ನಡ ಎನ್ನುವುದು ಇಲ್ಲಿ ಪಿಷ್ಟ. ಊರು ಅದನ್ನು ಅಗಿಯುತ್ತದೆ, ಸಿಹಿಯೂ ಬರುತ್ತದೆ. ಆಮೇಲೆ ಅದು ಇರುವುದಿಲ್ಲ.

ಹೆಂಡತಿಗೆ ಹೇಳಿದೆ. “ಮನೇಲಿ ನೀವು ಅವಳ ಜೊತೆ ಯಾವ ಭಾಷೆಯಲ್ಲಿ ಓದು ಅಂತೀರಿ, ಯಾವ ಭಾಷೆಯಲ್ಲಿ ಮಾರ್ಕ್ಸ್ ಕೇಳ್ತೀರಿ, ಅದನ್ನ ಮೊದಲು ನೋಡಿ” ಅಂದಳು. ನೋಡಿದೆ. ಹೇಳಿಕೊಳ್ಳುವಂತಿರಲಿಲ್ಲ.

ಪಕ್ಕದ ನಿವೇಶನದ ಬಗ್ಗೆ ಹೇಳಿದೆನಲ್ಲ. ಅಲ್ಲಿ ನೆಲಮಾಳಿಗೆಗೆ ಅಗೆಯುತ್ತಿದ್ದರು. ಒಂದೆರಡು ಆಳು ಮಣ್ಣು ಹೋಯಿತು, ಆಮೇಲೆ ಬರೀ ಬಂಡೆ. ಬೆಳಗಿನಿಂದ ಸಂಜೆಯವರೆಗೆ ಬಂಡೆ ಒಡೆಯುವ ಯಂತ್ರದ ಟಕಟಕ. ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಆ ಶಬ್ದದ ಬಗ್ಗೆ ಜಗಳ ನಡೆಯದ ದಿನವಿರಲಿಲ್ಲ. ಅಪ್ಪನೊಬ್ಬನಿಗೆ ಮಾತ್ರ ಬೇಸರವಿರಲಿಲ್ಲ. ಒಂದು ದಿನ ನನ್ನನ್ನು ಬಾಲ್ಕನಿಗೆ ಕರೆದ.

“ಆ ಕಲ್ಲು ನೋಡಲೇ. ಕೆಂಪು ಕಲ್ಲಿನಾಗ ಬಿಳೇ ಗೆರಿ. ನಮ್ಮೂರ ಕಲ್ಲು ಇದ್ದಂಗ ಐತಿ.”

ಊರ ನೆನಪಿಗೆ ಹಾಗೆ ಕಾಣುತ್ತದೆ ಅಂದುಕೊಂಡೆ. ಆದರೂ ರಾತ್ರಿ ಕೂತು ಓದಿದೆ. ಗೋಲ್ಕೊಂಡ ಕೋಟೆ ನಿಂತದ್ದು, ಬಂಜಾರಾ ಹಿಲ್ಸಿನಲ್ಲಿ ಉಳಿದ ನಾಲ್ಕು ಬಂಡೆಗಳು, ದುರ್ಗಂ ಚೆರುವಿನ ಸುತ್ತಲಿನ ಗುಂಡುಗಳು, ಹೈಟೆಕ್ ಸಿಟಿಯ ಗಾಜಿನ ಗೋಪುರಗಳ ಕೆಳಗಿರುವುದು, ಎಲ್ಲವೂ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಈ ಬಂಡೆಗಳನ್ನು ಉಳಿಸಲೆಂದೇ ಇಲ್ಲೊಂದು ಸಂಘವೂ ಇದೆ. ಇಂಥ ಹಳೆಯ, ಕೋಟ್ಯಂತರ ವರ್ಷಗಳಿಂದ ಗಟ್ಟಿಯಾಗಿ ಉಳಿದ ಭೂಖಂಡದ ತುಂಡಿಗೆ ಕ್ರೇಟಾನ್ ಅನ್ನುತ್ತಾರೆ. ಹೈದರಾಬಾದ್ ಕೂತಿರುವ ತುಂಡಿನ ಹೆಸರು ಓದಿ ನಾನು ಕುರ್ಚಿಯಿಂದ ಎದ್ದೆ: ಧಾರವಾಡ ಕ್ರೇಟಾನ್. ಅದರ ಪೂರ್ವ ಭಾಗ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಧಾರವಾಡದ ಕಡೆಯ ಶಿಲೆಗಳ ಸಾಲಿಗೆ ಆ ಊರಿನ ಹೆಸರಿಟ್ಟ, ಆಮೇಲೆ ಹೆಸರು ಬೆಳೆಯುತ್ತ ಇಡೀ ನೆಲಗಟ್ಟಿಗೆ ಅಂಟಿತು. ಮಸ್ಕಿಯೂ ಹಟ್ಟಿಯ ಚಿನ್ನದ ಗಣಿಯೂ ಇರುವುದು ಅದೇ ಪೂರ್ವ ಭಾಗದಲ್ಲಿ. 1947ರಲ್ಲಿ ಆ ಗಣಿಯನ್ನು ನಡೆಸಲು ಹುಟ್ಟಿದ ಕಂಪನಿಯ ಹೆಸರಂತೂ ಹೈದರಾಬಾದ್ ಚಿನ್ನದ ಗಣಿ ಅಂತಲೇ ಇತ್ತು.

ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಆತ ಬಹಳ ತಿಂಗಳ ಮೇಲೆ ಜೋರಾಗಿ ನಕ್ಕ. “ನಿಮ್ಮ ಅವ್ವ ಇದ್ದಿದ್ದರ, ಹಂಗಾರ ಬಾಡಿಗಿ ಯಾಕ ಕೊಡ್ತೀರಿ ಅಂತಿದ್ದಳು.”

ಮಗಳೂ ಬಂದು ನಿಂತಿದ್ದಳು. “ತಾತಾ, ನಿಮ್ಮೂರಲ್ಲಿ ಅಶೋಕನದ್ದು ಇದ್ಯಲ್ಲ, ಅದೂ ಇದೇ ಕಲ್ಲಾ?”

“ನಮ್ಮೂರು ಅನ್ನು. ಅದೂ ಬಂಡಿ ಮ್ಯಾಲ ಬರದದ್ದ.” ಮಸ್ಕಿಯ ಶಾಸನವನ್ನು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ನೋಡಿದ್ದು, ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಅದರಲ್ಲಿದ್ದ ಹೆಸರಿನಿಂದ ಗಟ್ಟಿಯಾದದ್ದು, ಎಲ್ಲ ಆತ ಅವಳಿಗೆ ಹೇಳಿದ. ನೂರು ಸಲ ನನಗೆ ಹೇಳಿದ ಕಥೆ, ನಾನು ಮಗಳಿಗೆ ಒಂದು ಸಲವೂ ಹೇಳಿರಲಿಲ್ಲ. ಆಮೇಲೆ ಆತ ನನ್ನ ಕಡೆ ತಿರುಗಿ, “ಆ ನಿನ್ನ ಪದಕ್ಕ ಲ್ಯಾಟಿನ್‌ದಾಗ ಮೂಲ ಏನಂದಿ?” ಅಂತ ಕೇಳಿದ.

“ಕೆಳಗ ಹಾಸಿದ್ದು ಅಂತ.”

“ಹಾಸಿದ್ದು ಅಂದಮ್ಯಾಲ ಹಾಸು ಅನ್ನಬೇಕಪ. ಹಾಸುಬಂಡಿ ಅಂತೀವಿ, ಹಾಸಗಲ್ಲು ಅಂತೀವಿ, ಹಾಸಿಗಿ ಅಂತೀವಿ. ಇಷ್ಟು ದಿನ ಅಧಃ ಅಧಃ ಅಂತ ಯಾಕ ಒದ್ದಾಡಿದ್ರಿ?”

“ಎಂಜೈಮ್‌ಗೂ ಆಗುತ್ತಾ ತಾತಾ?” ಮಗಳು ಬಿಡಲಿಲ್ಲ. “ಅದು ಹೋಗ್ಬಿಡುತ್ತಲ್ಲ.”

ಅಪ್ಪ ಒಳಗೆ ಹೋಗಿ ತನ್ನ ಹಾಸಿಗೆಯ ಮೇಲಿನ ಕೌದಿ ತಂದ. ಅವ್ವ ಹಳೆಯ ಸೀರೆ ಜೋಡಿಸಿ ಹೊಲಿದದ್ದು. ಊರಿನಿಂದ ಆತ ತಂದ ಎರಡು ಚೀಲದಲ್ಲಿ ಒಂದರ ತುಂಬ ಅದೇ ಇತ್ತು. ಅದರ ಒಂದು ಮೂಲೆಯಲ್ಲಿ ಇಳಕಲ್ ಸೀರೆಯ ತುಂಡು, ಒಡಲೂ ಸೆರಗೂ ಕೂಡುವ ಜಾಗ. “ಇಲ್ಲಿ ನೋಡು. ಮಗ್ಗದಾಗ ಉದ್ದಕ್ಕ ಬಿಗಿದ ಎಳಿಗೂ ಹಾಸು ಅಂತಾರ. ಅಡ್ಡ ಹೋಗೂದು ಹೊಕ್ಕು. ಇಳಕಲ್ಲಿನವರು ಒಡಲಿನ ಹಾಸು ಬ್ಯಾರೆ ಮಾಡ್ತಾರ, ಸೆರಗಿನ ಹಾಸು ಬ್ಯಾರೆ ಮಾಡ್ತಾರ, ಒಂದೊಂದ ಎಳಿಗೆ ಕೊಂಡಿ ಹಾಕಿ ಕೂಡಸ್ತಾರ. ನೇಯ್ದ ಮ್ಯಾಲ ಹಾಸು ಎಲ್ಲಿ ಹೋತು ಅಂತ ತೋರಸು ನೋಡೂಣು?”

ಅವಳು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. “ಇಲ್ಲೇ ಇದೆ. ಕಾಣ್ತಿಲ್ಲ.”

“ಪಿಷ್ಟನೂ ಹಂಗ. ಸಕ್ರ್ಯಾಗ ಐತಿ.”

ಭೌತಶಾಸ್ತ್ರದವನಾದ ನನಗೆ ಇದರಲ್ಲಿ ಎರಡು ತಕರಾರು ಇದ್ದವು. ಹೇಳಲಿಲ್ಲ. ಅವಳು ಪುಸ್ತಕದ ಅಂಚಿನಲ್ಲಿ, ಸಬ್‌ಸ್ಟ್ರೇಟ್ ಎಂಬ ಇಂಗ್ಲಿಷ್ ಪದದ ಪಕ್ಕ, ಪೆನ್ಸಿಲಿನಲ್ಲಿ ‘ಹಾಸು’ ಅಂತ ಬರೆದಳು. ‘ಹ’ದ ತಲೆಕಟ್ಟು ತೆಲುಗಿನದಾಗಿತ್ತು.

ನವೆಂಬರಿನಲ್ಲಿ ಅಪ್ಪ ಊರಿಗೆ ಹೊರಟ. ಪಿಂಚಣಿಗೆ ಬದುಕಿರುವ ಪ್ರಮಾಣಪತ್ರ ಕೊಡಬೇಕು ಎಂಬುದು ನೆಪ. ಅದು ಈಗ ಫೋನಿನಲ್ಲೇ ಆಗುತ್ತದೆ ಅಂತ ನನಗೂ ಗೊತ್ತು, ಆತನಿಗೂ ಗೊತ್ತು. ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ರಾಯಚೂರಿನ ಬಸ್ಸಿಗೆ ಹತ್ತಿಸಿದೆ. ಒಂದೇ ಚೀಲ ಇತ್ತು. “ಇನ್ನೊಂದು ಎಲ್ಲಿ?” ಅಂದೆ. “ಕೌದಿ ಅಲ್ಲೇ ಐತಿ. ಅಕಿ ಹಾಸಿಕೊಂಡು ಮಲಗ್ತೀನಿ ಅಂದ್ಳು” ಅಂದ.

ಮೂರು ದಿನದ ಮೇಲೆ ಸಂಜೆ ಫೋನ್ ಬಂತು. ಮಗಳು ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದಳು. ಕಾಲೇಜು, ಊಟ, ಪಕ್ಕದ ಬಂಡೆ ಎಷ್ಟು ಇಳಿಯಿತು ಎಂಬ ವರದಿ. ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು.

“ತಾತಾ, ಅಮ್ಮ ಬಂತು.”

ಅಲ್ಲಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪನ ದನಿ: “ಬಂತಾ? ಕೊಡವ್ವ ಹಂಗಾರ ಫೋನು.”